ಕಲ್ಕತ್ತದ ದೊಡ್ಡ ಪಂದ್ಯ ಮತ್ತು ಪ್ರಶಸ್ತಿಯ ದಾರಿ

1925ರ ಮೇ 28ರಂದು ಕಲ್ಕತ್ತ ಫುಟ್‌ಬಾಲ್ ಲೀಗ್‌ನ ಮೊದಲ ಡಿವಿಜನ್‌ನಲ್ಲಿ ಮೋಹನ್ ಬಾಗನ್ ಮತ್ತು ಈಸ್ಟ್ ಬೆಂಗಾಲ್ ಮೊದಲ ಸಲ ಎದುರಾದವು. ನೇಪಾಳ್ ಚಕ್ರವರ್ತಿ ಹೊಡೆದ ಒಂದೇ ಗೋಲಿನಿಂದ ಈಸ್ಟ್ ಬೆಂಗಾಲ್ ಗೆದ್ದಿತು. ನಾಲ್ಕು ವರ್ಷ ಹಿಂದೆ ಕೂಚ್ ಬೆಹಾರ್ ಕಪ್‌ನಲ್ಲೂ ಈ ತಂಡಗಳು ಸೆಣಸಿದ್ದವು. ಆದರೆ ಲೀಗ್ ಪಂದ್ಯದ ತೂಕವೇ ಬೇರೆ. ಕಪ್ ಪಂದ್ಯದಲ್ಲಿ ಸೋತವರು ಅಂದೇ ಮನೆಗೆ ಹೋಗುತ್ತಾರೆ. ಲೀಗ್‌ನಲ್ಲಿ ಸೋತವರು ಆ ಸೋಲನ್ನು ಅಂಕಪಟ್ಟಿಯಲ್ಲಿ ಮಳೆಗಾಲ ಮುಗಿಯುವವರೆಗೂ ಹೊರಬೇಕು. ಮುಂದೆ ಬಂಗಾಳಿಗಳು ‘ಬೊಡೊ ಮ್ಯಾಚ್’, ಅಂದರೆ ದೊಡ್ಡ ಪಂದ್ಯ, ಎಂದು ಕರೆದ ಈ ಆಟದ ಚರಿತ್ರೆಯುದ್ದಕ್ಕೂ ಎರಡು ಎಳೆಗಳಿವೆ. ಒಂದು, ಎರಡು ಜನಸಮುದಾಯಗಳ ಸ್ವಾಭಿಮಾನ. ಇನ್ನೊಂದು, ಆ ವರ್ಷದ ಪ್ರಶಸ್ತಿ ಯಾರಿಗೆ ಎಂಬ ಸರಳ ಲೆಕ್ಕ. ಬಹುಕಾಲ ಈ ಎರಡೂ ಒಂದೇ ಹಗ್ಗವಾಗಿ ಹೊಸೆದುಕೊಂಡಿದ್ದವು. ಹಗ್ಗ ಬಿಚ್ಚಿಕೊಂಡದ್ದು ಇಪ್ಪತ್ತನೇ ಶತಮಾನದ ಕೊನೆಯಲ್ಲಿ.

ಲೀಗ್ ಆರಂಭವಾದದ್ದು 1898ರಲ್ಲಿ. ಆಗ ಅದು ಬ್ರಿಟಿಷರ ಆಟ, ಬ್ರಿಟಿಷರ ಕೂಟ. ಸೇನೆಯ ರೆಜಿಮೆಂಟುಗಳೂ ಕಲ್ಕತ್ತ ಎಫ್‌ಸಿ, ಡಾಲ್‌ಹೌಸಿಯಂಥ ಬಿಳಿಯರ ಕ್ಲಬ್ಬುಗಳೂ ಅಲ್ಲಿ ಆಡುತ್ತಿದ್ದವು. ಉತ್ತರ ಕಲ್ಕತ್ತದ ಕೀರ್ತಿ ಮಿತ್ರರ ಮೋಹನ್ ಬಾಗನ್ ವಿಲ್ಲಾದಲ್ಲಿ 1889ರ ಆಗಸ್ಟ್ 15ರಂದು ಹುಟ್ಟಿದ ಕ್ಲಬ್ಬಿಗೆ ಲೀಗ್‌ನಲ್ಲಿ ಕಾಲಿಡಲು ಕಾಲು ಶತಮಾನ ಬೇಕಾಯಿತು. ಅಷ್ಟರೊಳಗೆ ಆ ಕ್ಲಬ್ಬು ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ನಿನ (ಐಎಫ್‌ಎ) ಶೀಲ್ಡ್ ಗೆದ್ದು ದೇಶದ ಕಣ್ಣಲ್ಲಿ ಎತ್ತರದ ಜಾಗದಲ್ಲಿ ಕುಳಿತಾಗಿತ್ತು. 1911ರ ಜುಲೈ 29ರ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ಮೊದಲು ಗೋಲು ಹೊಡೆಯಿತು. ನಾಯಕ ಶಿವದಾಸ್ ಭಾದುಡಿ ಸಮ ಮಾಡಿದರು, ಅಭಿಲಾಷ್ ಘೋಷ್ ಗೆಲುವಿನ ಗೋಲು ಗಳಿಸಿದರು. ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟಿದ್ದವರು ಸುಧೀರ್ ಚಟರ್ಜಿ ಒಬ್ಬರೇ, ಉಳಿದವರದು ಬರಿಗಾಲು. ಈ ತಂಡದ ಬಹುಪಾಲು ಆಟಗಾರರ ಮೂಲ ಪೂರ್ವ ಬಂಗಾಳ ಎಂಬುದನ್ನು ಮುಂದಿನ ಕಥೆಗಾಗಿ ನೆನಪಿಟ್ಟುಕೊಳ್ಳಬೇಕು. ಪೂರ್ವದವರ ವಿರುದ್ಧ ಪಶ್ಚಿಮದವರ ತಂಡ ಎಂದು ಮೋಹನ್ ಬಾಗನ್ ಹುಟ್ಟಿದ್ದಲ್ಲ. ಆ ಹಣೆಪಟ್ಟಿ ಆಮೇಲೆ ಅಂಟಿತು.

1914ರಲ್ಲಿ ಮೋಹನ್ ಬಾಗನ್‌ಗೂ ಆರ್ಯನ್ ಕ್ಲಬ್ಬಿಗೂ ಎರಡನೇ ಡಿವಿಜನ್ ಬಾಗಿಲು ತೆರೆಯಿತು. ಮರುವರ್ಷವೇ ಮೋಹನ್ ಬಾಗನ್ ಮೊದಲ ಡಿವಿಜನ್‌ಗೆ ಏರಿತು. ಆದರೂ ಮೇಲಿನ ಡಿವಿಜನ್‌ನಲ್ಲಿ ಭಾರತೀಯರ ತಂಡಗಳು ಎರಡಕ್ಕಿಂತ ಹೆಚ್ಚು ಇರಕೂಡದು ಎಂಬ ಕಟ್ಟಳೆಯಿತ್ತು. ಆಟದಲ್ಲಿ ಎಷ್ಟೇ ಮುಂದಿದ್ದರೂ ಮೂರನೆಯವರಿಗೆ ಜಾಗವಿಲ್ಲ. ಈ ಅನ್ಯಾಯದ ಕಟ್ಟಳೆ ಸಡಿಲಗೊಂಡದ್ದು ಈಸ್ಟ್ ಬೆಂಗಾಲ್‌ಗಾಗಿ, 1925ರಲ್ಲಿ.

ಈಸ್ಟ್ ಬೆಂಗಾಲ್ ಹುಟ್ಟಿಗೆ ಕಾರಣವಾದದ್ದೂ ಒಂದು ಪಂದ್ಯವೇ. 1920ರ ಜುಲೈ ಕೊನೆಯಲ್ಲಿ ಕೂಚ್ ಬೆಹಾರ್ ಕಪ್‌ನಲ್ಲಿ ಜೋಡಾಬಾಗಾನ್ ಕ್ಲಬ್ಬು ಮೋಹನ್ ಬಾಗನ್ ಎದುರು ಆಡಬೇಕಿತ್ತು. ಶೈಲೇಶ್ ಬೋಸ್ ಎಂಬ ಆಟಗಾರನನ್ನು ತಂಡದಿಂದ ಕೈಬಿಡಲಾಯಿತು. ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್‌ಚಂದ್ರ ಚೌಧುರಿ ಅದನ್ನು ವಿರೋಧಿಸಿ, ಮಾತು ನಡೆಯದಿದ್ದಾಗ ಹೊರನಡೆದರು. ಪೂರ್ವ ಬಂಗಾಳದವನೆಂಬ ಕಾರಣಕ್ಕೇ ಆ ಆಟಗಾರನನ್ನು ಬಿಟ್ಟರೆಂಬ ನೋವು ಅವರ ಬಳಗದಲ್ಲಿತ್ತು. ಆಗಸ್ಟ್ 1ರಂದು ಹೊಸ ಕ್ಲಬ್ಬು ಹುಟ್ಟಿತು, ನಾಡಿನ ಹೆಸರನ್ನೇ ಹೊತ್ತುಕೊಂಡಿತು. ಕೆಂಪು ಮತ್ತು ಹೊಂಬಣ್ಣ ಅದರ ಬಣ್ಣವಾಯಿತು. ಮೋಹನ್ ಬಾಗನ್‌ನದು ಹಸಿರು ಮತ್ತು ಕಡುಗೆಂಪು. ಓದಿಗೆ, ಗುಮಾಸ್ತಿಕೆಗೆ, ವ್ಯಾಪಾರಕ್ಕೆ ಢಾಕಾ, ಫರೀದ್‌ಪುರ, ಬಾರಿಸಾಲ್ ಕಡೆಯಿಂದ ಬಂದು ಕಲ್ಕತ್ತದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದವರಿಗೆ ನಮ್ಮದು ಎನ್ನಲು ಒಂದು ತಂಡ ಸಿಕ್ಕಿತು.

ಇಷ್ಟಾದರೂ 1920ರ ದಶಕದಲ್ಲಿ ಇಬ್ಬರಿಗೂ ಪ್ರಶಸ್ತಿ ಕೈಗೆಟುಕಲಿಲ್ಲ. 1933ರವರೆಗೆ ಲೀಗ್ ಗೆದ್ದವರೆಲ್ಲ ಬ್ರಿಟಿಷ್ ಸೇನಾ ತಂಡಗಳು ಅಥವಾ ಬಿಳಿಯರ ಕ್ಲಬ್ಬುಗಳು. ಈಸ್ಟ್ ಬೆಂಗಾಲ್ ಅಂತೂ 1928ರಲ್ಲಿ ಕೆಳಗಿನ ಡಿವಿಜನ್‌ಗೆ ಜಾರಿ, ಮತ್ತೆ ಮೇಲೆ ಬರಲು ಕೆಲವು ವರ್ಷ ತೆಗೆದುಕೊಂಡಿತು. ಕೋಟೆ ಒಡೆದದ್ದು ಮೂರನೆಯ ತಂಡ. 1891ರಲ್ಲಿ ಸ್ಥಾಪನೆಯಾಗಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಲ್ಲಿ ಮೊದಲ ಡಿವಿಜನ್‌ಗೆ ಬಂದ ವರ್ಷವೇ ಲೀಗ್ ಗೆದ್ದಿತು, ಅಲ್ಲಿಂದ 1938ರವರೆಗೆ ಸತತ ಐದು ಸಲ ಗೆದ್ದಿತು. ಅದರ ಯಶಸ್ಸಿನ ಹಿಂದೆ ಎರಡು ಲೆಕ್ಕಾಚಾರಗಳಿದ್ದವು. ಕಲ್ಕತ್ತದ ಲೀಗ್ ನಡೆಯುವುದು ಮೇ ತಿಂಗಳಿಂದಾಚೆಗೆ, ಮಳೆಯ ನಡುವೆ. ಒಣ ನೆಲದಲ್ಲಿ ಬರಿಗಾಲಿನ ಆಟಗಾರ ಚುರುಕಾಗಿ ಓಡಾಡಬಲ್ಲ. ಮೈದಾನ ಕೆಸರಾದ ದಿನ ಅವನಿಗೆ ಹಿಡಿತ ಸಿಗದು. ಮೊಹಮ್ಮಡನ್ ತಂಡ ಕೆಸರಿನ ದಿನಗಳಿಗೆ ತನ್ನ ಆಟಗಾರರನ್ನು ಬೂಟಿನಲ್ಲಿ ಪಳಗಿಸಿತು. ಎರಡನೆಯದಾಗಿ, ಆಟಗಾರರಿಗಾಗಿ ಬಂಗಾಳದ ಗಡಿ ದಾಟಿ ಹುಡುಕಿತು. ಬೆಂಗಳೂರಿನಿಂದಲೂ ಆಟಗಾರರು ಆ ತಂಡಕ್ಕೆ ಹೋದರು.

ಬೆಂಗಳೂರೇ ಏಕೆ ಎಂಬುದಕ್ಕೆ ಉತ್ತರ ಇಲ್ಲಿನ ದಂಡಿನಲ್ಲಿದೆ. ದಂಡು ಪ್ರದೇಶದ ಸೈನಿಕರಿಂದ ಆಟ ಕಲಿತ ಸುತ್ತಲಿನ ಬಡಾವಣೆಗಳ ಹುಡುಗರು ಆ ಹೊತ್ತಿಗೆ ಸೈನಿಕರನ್ನೇ ಸೋಲಿಸುವ ಮಟ್ಟ ಮುಟ್ಟಿದ್ದರು. 1937ರಲ್ಲಿ ಬಾಂಬೆಯ ರೋವರ್ಸ್ ಕಪ್ ಫೈನಲ್‌ನಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಇದೇ ಮೊಹಮ್ಮಡನ್ ಸ್ಪೋರ್ಟಿಂಗ್ ಅನ್ನು ಸೋಲಿಸಿತು, ಮರುವರ್ಷವೂ ಕಪ್ ಉಳಿಸಿಕೊಂಡಿತು. ಇಂಥ ಊರಿನ ಆಟಗಾರರ ಮೇಲೆ ಕಲ್ಕತ್ತದ ಕ್ಲಬ್ಬುಗಳ ಕಣ್ಣು ಬೀಳದೆ ಇರುತ್ತದೆಯೇ? ಮುಂದಿನ ಹಲವು ದಶಕ ಬೆಂಗಳೂರಿನ ಪ್ರತಿಭೆ ರೈಲು ಹತ್ತಿ ಹೌರಾದಲ್ಲಿ ಇಳಿಯುತ್ತಲೇ ಇತ್ತು.

ಮೊಹಮ್ಮಡನ್‌ನ ಗೆಲುವಿನ ಸರಪಳಿ ಕಡಿದ ಮೇಲೆ 1939ರಲ್ಲಿ ಮೋಹನ್ ಬಾಗನ್ ಮೊದಲ ಸಲ ಲೀಗ್ ಗೆದ್ದಿತು. 1942ರಲ್ಲಿ ಈಸ್ಟ್ ಬೆಂಗಾಲ್‌ನ ಸರದಿ. ಯುದ್ಧದಿಂದಾಗಿ ಸೇನಾ ತಂಡಗಳ ಬಲ ಕುಗ್ಗಿತ್ತು, ದೇಶೀ ತಂಡಗಳು ಬಲಿತಿದ್ದವು. 1945ರಲ್ಲಿ ಈಸ್ಟ್ ಬೆಂಗಾಲ್ ಲೀಗ್ ಮತ್ತು ಶೀಲ್ಡ್ ಎರಡನ್ನೂ ಪಡೆಯಿತು. ಶೀಲ್ಡ್ ಫೈನಲ್‌ನಲ್ಲಿ ಅದು ಸೋಲಿಸಿದ್ದು ಮೋಹನ್ ಬಾಗನ್ ಅನ್ನು. ಅಲ್ಲಿಂದ ಈ ಇಬ್ಬರ ಪಂದ್ಯವೆಂದರೆ ಪ್ರಶಸ್ತಿಯ ಪಂದ್ಯ ಎಂಬಂತಾಯಿತು.

ದೇಶ ಒಡೆದದ್ದು ಈ ಪೈಪೋಟಿಗೆ ಹೊಸ ಅರ್ಥ ಕೊಟ್ಟಿತು. 1947ರ ನಂತರ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ಹಿಂದೂ ಕುಟುಂಬಗಳು ಕಲ್ಕತ್ತಕ್ಕೆ ಬಂದವು. ಜಾದವ್‌ಪುರ ಮತ್ತಿತರ ದಕ್ಷಿಣದ ಹೊರವಲಯಗಳಲ್ಲಿ ಖಾಲಿ ಜಮೀನಿನ ಮೇಲೆ ಬಿದಿರು, ತಗಡಿನ ಗುಡಿಸಲು ಹಾಕಿಕೊಂಡವು. ಊರು ಹೋಯಿತು, ಹೊಲಮನೆ ಹೋಯಿತು. ಹೋದ ನಾಡಿನ ಹೆಸರು ಮಾತ್ರ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಉಳಿದಿತ್ತು. ಅಂಥವರಿಗೆ ಒಂದು ಪಂದ್ಯದ ಗೆಲುವು ಸಣ್ಣ ಸಂಗತಿಯಲ್ಲ. ಪಶ್ಚಿಮದ ಮೂಲನಿವಾಸಿಗಳಾದ ಘೋಟಿಗಳು ಮೋಹನ್ ಬಾಗನ್ ಕಡೆ, ವಲಸೆ ಬಂದ ಬಾಂಗಾಲರು ಈಸ್ಟ್ ಬೆಂಗಾಲ್ ಕಡೆ ಎಂಬ ವಿಂಗಡಣೆ ಗಟ್ಟಿಯಾದದ್ದು ಆಗ. ಈಸ್ಟ್ ಬೆಂಗಾಲ್ ಗೆದ್ದರೆ ಮೀನು ಮಾರುಕಟ್ಟೆಯಲ್ಲಿ ಇಲಿಶ್‌ಗೆ ಬೇಡಿಕೆ, ಮೋಹನ್ ಬಾಗನ್ ಗೆದ್ದರೆ ಸಿಗಡಿಗೆ. ಕ್ಲಬ್ಬುಗಳೊಳಗೆ ಮಾತ್ರ ಈ ಗೆರೆ ಎಂದೂ ನೇರವಾಗಿರಲಿಲ್ಲ. ಮೋಹನ್ ಬಾಗನ್ ಬಿಟ್ಟು ಬೇರೆ ಕ್ಲಬ್ಬಿಗೆ ಹೋಗದ, 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕ ಚುನಿ ಗೋಸ್ವಾಮಿ ಹುಟ್ಟಿದ್ದು ಪೂರ್ವ ಬಂಗಾಳದ ಕಿಶೋರ್‌ಗಂಜ್‌ನಲ್ಲಿ.

ಅದಕ್ಕಿಂತ ದೊಡ್ಡ ಉದಾಹರಣೆ ಈಸ್ಟ್ ಬೆಂಗಾಲ್‌ನ ಪಂಚಪಾಂಡವರು. ವಲಸಿಗರ ಎದೆಯುಬ್ಬಿಸಿದ ಆ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರೂ ಬಂಗಾಳಿಯಲ್ಲ, ಎಲ್ಲರೂ ದಕ್ಷಿಣದವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ. 1949ರಲ್ಲಿ ಈ ತಂಡ ಲೀಗ್, ಶೀಲ್ಡ್, ರೋವರ್ಸ್ ಮೂರನ್ನೂ ಗೆದ್ದಿತು. 1949ರಿಂದ 1951ರವರೆಗೆ ಶೀಲ್ಡ್ ಅವರ ಕೈಬಿಟ್ಟು ಹೋಗಲಿಲ್ಲ. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ ಕೂಡ ಬಂತು. ಐವರಲ್ಲಿ ಎಡಬದಿಯ ಅಹ್ಮದ್ ಖಾನ್ ಬೆಂಗಳೂರಿನವರು, ಫುಟ್‌ಬಾಲ್ ಆಡುವವರ ಮನೆಯಲ್ಲೇ ಹುಟ್ಟಿದವರು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಎದುರಾಳಿಗಳ ನಡುವೆ ನುಸುಳುವ ಅವರ ಆಟ ಕಂಡು ಜನ ಹಾವಾಡಿಗ ಎಂದರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡರಲ್ಲೂ ಅವರು ಭಾರತದ ಪರ ಆಡಿದರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10–1ರಿಂದ ಭಾರತವನ್ನು ಸೋಲಿಸಿದ ಪಂದ್ಯದಲ್ಲಿ ನಮ್ಮವರ ಒಂದೇ ಗೋಲು ಅಹ್ಮದ್ ಖಾನ್ ಅವರದು. ಬರಿಗಾಲಿನ ಆಟಕ್ಕೆ ದೇಶದಲ್ಲಿ ತೆರೆ ಬಿದ್ದದ್ದು ಆ ಸೋಲಿನ ಬಳಿಕ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಇರಾನನ್ನು ಮಣಿಸಿ ಚಿನ್ನ ಗೆದ್ದಾಗ ನಾಯಕರಾಗಿದ್ದವರು ಮೋಹನ್ ಬಾಗನ್‌ನ ಶೈಲೇನ್ ಮನ್ನಾ. ಕಲ್ಕತ್ತದಲ್ಲಿ ಅವರನ್ನು ಏಮಾರಿಸುವುದೇ ಕೆಲಸವಾಗಿದ್ದ ಅಹ್ಮದ್ ಖಾನ್ ಆ ಕೂಟದಲ್ಲಿ ಅವರದೇ ತಂಡದಲ್ಲಿದ್ದರು. ಆಟ ಬಿಟ್ಟ ಮೇಲೆ ಬೆಂಗಳೂರಿಗೆ ಮರಳಿದ ಅಹ್ಮದ್ ಖಾನ್ 2017ರಲ್ಲಿ ಇಲ್ಲಿಯೇ ತೀರಿಕೊಂಡರು. ಈಸ್ಟ್ ಬೆಂಗಾಲ್ ಅವರನ್ನು ಕೊನೆಯವರೆಗೂ ಮರೆಯಲಿಲ್ಲ; ಬೆಂಗಳೂರು ಅವರನ್ನು ಇನ್ನಷ್ಟು ನೆನೆಯಬೇಕಿತ್ತು. ಎದುರು ಪಾಳಯಕ್ಕೂ ಇದೇ ಊರಿನ ಕೊಡುಗೆ ಸಂದಿದೆ. 1962ರ ಚಿನ್ನದ ತಂಡದಲ್ಲಿದ್ದ ಅರುಮೈನಾಯಗಂ ಬೆಂಗಳೂರಿನಿಂದ ಹೋಗಿ ಮೋಹನ್ ಬಾಗನ್ ಪರ ಆಡಿದವರು.

ಒಂದೇ ಪಂದ್ಯ ಇಡೀ ಲೀಗ್‌ನ ಹಣೆಬರಹ ಬರೆಯುತ್ತಿದ್ದುದು ಹೇಗೆ ಎಂದು ತಿಳಿಯಲು ಅಂಕಪಟ್ಟಿಯ ಒಳಗು ನೋಡಬೇಕು. ಮೊದಲ ಡಿವಿಜನ್‌ನಲ್ಲಿ ತಂಡಗಳು ಹಲವಿದ್ದವು: ಆರ್ಯನ್, ರಾಜಸ್ಥಾನ್, ಜಾರ್ಜ್ ಟೆಲಿಗ್ರಾಫ್, ಬಿಎನ್‌ಆರ್, ಈಸ್ಟರ್ನ್ ರೈಲ್ವೆ. ಆದರೆ ಹಣ, ಹೆಸರು, ಆಟಗಾರರು ಮೂರು ದೊಡ್ಡ ಕ್ಲಬ್ಬುಗಳಲ್ಲಿ ಸೇರಿಕೊಂಡಿದ್ದರು. 1958ರಲ್ಲಿ ಈಸ್ಟರ್ನ್ ರೈಲ್ವೆ ಲೀಗ್ ಗೆದ್ದಿತು. ಆ ಮೂವರನ್ನು ಬಿಟ್ಟು ಇನ್ನೊಂದು ತಂಡ ಗೆಲ್ಲಲು 2019ರಲ್ಲಿ ಪೀರ್‌ಲೆಸ್ ಬರುವವರೆಗೆ, ಅಂದರೆ 61 ವರ್ಷ, ಕಾಯಬೇಕಾಯಿತು. ಗೆಲುವಿಗೆ ಎರಡು ಅಂಕ, ಡ್ರಾಗೆ ಒಂದು ಎಂಬ ಆ ಕಾಲದ ಲೆಕ್ಕದಲ್ಲಿ ಬಲಿಷ್ಠ ತಂಡಗಳು ಸಣ್ಣ ತಂಡಗಳ ಮೇಲೆ ಅಂಕ ಕಳೆದುಕೊಳ್ಳುವುದೇ ಅಪರೂಪ. ಹೀಗಿರುವಾಗ ಮುಂದಿರುವ ಇಬ್ಬರ ನಡುವೆ ಅಂತರ ಹುಟ್ಟುವುದು ಅವರವರೇ ಆಡುವ ದಿನ ಮಾತ್ರ. ಒಂದು ಗೋಲು ಎರಡು ಅಂಕದ ಅಂತರ ತರುತ್ತದೆ, ಆ ಅಂತರ ಮುಚ್ಚಲು ಮುಂದೆ ಅವಕಾಶವೇ ಸಿಗದಿರಬಹುದು. ಉಲ್ಟಾ ಕೂಡ ನಡೆಯುತ್ತಿತ್ತು. ದೊಡ್ಡ ಪಂದ್ಯ ಗೆದ್ದ ಸಂಭ್ರಮದಲ್ಲಿದ್ದ ತಂಡ ಮುಂದಿನ ವಾರ ಕೆಸರಿನಲ್ಲಿ ಸಣ್ಣ ತಂಡದೊಡನೆ ಡ್ರಾ ಮಾಡಿಕೊಂಡರೆ ಗೆದ್ದದ್ದೆಲ್ಲ ನೀರುಪಾಲು. ಆದ್ದರಿಂದ ಒಂದು ಕ್ಲಬ್ಬಿನ ಬೆಂಬಲಿಗರು ಎದುರಾಳಿಯ ಸಣ್ಣಪುಟ್ಟ ಪಂದ್ಯಗಳ ಫಲಿತಾಂಶಕ್ಕೂ ರೇಡಿಯೊಗೆ ಕಿವಿಗೊಟ್ಟು ಕೂರುತ್ತಿದ್ದರು.

ಆಟಗಾರರ ವರ್ಗಾವಣೆಯ ದಿನಗಳು ಇನ್ನೊಂದು ಕಣ. ಹೊಸ ಋತುವಿಗೆ ಮುಂಚೆ ಆಟಗಾರರು ಐಎಫ್‌ಎ ಕಚೇರಿಗೆ ಬಂದು ಸಹಿ ಹಾಕಬೇಕಿತ್ತು. ಎದುರಾಳಿ ಕ್ಲಬ್ಬಿನವರ ಕೈಗೆ ಸಿಗದಂತೆ ಆಟಗಾರರನ್ನು ಗುಟ್ಟಾದ ಮನೆಗಳಲ್ಲಿ ಇರಿಸಿ, ಸಹಿಯ ಹೊತ್ತಿಗೆ ಕರೆತರುವುದು ವಾಡಿಕೆಯಾಗಿತ್ತು. ಪ್ರಶಸ್ತಿಯ ಸಾಧ್ಯತೆಯ ಅರ್ಧ ಭಾಗ ಚೆಂಡು ಉರುಳುವ ಮೊದಲೇ ಇಲ್ಲಿ ತೀರ್ಮಾನವಾಗುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಈ ಎಲ್ಲವೂ ಪರಾಕಾಷ್ಠೆ ಮುಟ್ಟಿದ್ದು 1970ರ ದಶಕದಲ್ಲಿ. 1970ರಿಂದ 1975ರವರೆಗೆ ಈಸ್ಟ್ ಬೆಂಗಾಲ್ ಸತತ ಆರು ಸಲ ಲೀಗ್ ಗೆದ್ದು ಮೊಹಮ್ಮಡನ್‌ನ ಐದರ ದಾಖಲೆ ಮುರಿಯಿತು. 1972ರಲ್ಲಂತೂ ಇಡೀ ಲೀಗ್‌ನಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಆ ವರ್ಷ ತರಬೇತುದಾರರಾಗಿ ಬಂದವರು ಪಿ.ಕೆ. ಬ್ಯಾನರ್ಜಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾಗಿದ್ದ ಅವರು ಆಟಗಾರರಾಗಿ ಈಸ್ಟರ್ನ್ ರೈಲ್ವೆಯಲ್ಲೇ ಉಳಿದವರು, ದೊಡ್ಡ ಕ್ಲಬ್ಬುಗಳ ಅಂಗಿ ತೊಡದವರು. ಪಂದ್ಯಕ್ಕೆ ಮುನ್ನ ಅವರು ಆಡುವ ಮಾತಿಗೆ ಕಲ್ಕತ್ತದಲ್ಲಿ ‘ವೋಕಲ್ ಟಾನಿಕ್’ ಎಂದೇ ಹೆಸರು.

1975ರ ಸೆಪ್ಟೆಂಬರ್ 30ರಂದು ಇಬ್ಬರ ನಡುವೆ ಶೀಲ್ಡ್ ಫೈನಲ್ ನಡೆಯಿತು. ಐದನೇ ನಿಮಿಷದಲ್ಲಿ ಈಸ್ಟ್ ಬೆಂಗಾಲ್‌ನ ಸುರಜಿತ್ ಸೇನ್‌ಗುಪ್ತ ಗೋಲು ಹೊಡೆದರು. ಶ್ಯಾಮ್ ಥಾಪಾ ಪೆನಾಲ್ಟಿಯೊಂದನ್ನು ಕಳೆದುಕೊಂಡರೂ ಎರಡು ಗೋಲು ಗಳಿಸಿದರು. ರಂಜಿತ್ ಮುಖರ್ಜಿ, ಶುಭಂಕರ್ ಸನ್ಯಾಲ್ ಒಂದೊಂದು ಸೇರಿಸಿದರು. ಈಸ್ಟ್ ಬೆಂಗಾಲ್ 5, ಮೋಹನ್ ಬಾಗನ್ 0. ಈ ಪೈಪೋಟಿಯ ದೊಡ್ಡ ಅಂತರದ ಗೆಲುವು ಅದೇ. ರೊಚ್ಚಿಗೆದ್ದ ಬೆಂಬಲಿಗರ ಕಣ್ಣಿಗೆ ಬೀಳಲಾರದೆ ಮೋಹನ್ ಬಾಗನ್‌ನ ಕೆಲವು ಆಟಗಾರರು ಆ ರಾತ್ರಿಯನ್ನು ಗಂಗೆಯಲ್ಲಿ ದೋಣಿಯ ಮೇಲೆ ಕಳೆದರು. ಅಭಿಮಾನಿ ಯುವಕನೊಬ್ಬ ಸೋಲಿನ ದುಃಖ ತಾಳದೆ ಪ್ರಾಣವನ್ನೇ ಬಿಟ್ಟ. ಒಂದು ಆಟಕ್ಕೆ ಮನುಷ್ಯರು ಇಷ್ಟು ಬೆಲೆ ತೆರಬಾರದಿತ್ತು.

ಮರುವರ್ಷ ಪಿ.ಕೆ. ಪಾಳಯ ಬದಲಿಸಿ ಮೋಹನ್ ಬಾಗನ್ ಸೇರಿದರು. 1976ರ ಲೀಗ್‌ನ ದೊಡ್ಡ ಪಂದ್ಯದಲ್ಲಿ ರೆಫರಿಯ ಸೀಟಿಯಾಗಿ 17 ಸೆಕೆಂಡಿನೊಳಗೆ ಮೋಹನ್ ಬಾಗನ್‌ನ ಮೊಹಮ್ಮದ್ ಅಕ್ಬರ್ ಗೋಲು ಹೊಡೆದರು. ಜನ ಕೂತು ಸಾವರಿಸಿಕೊಳ್ಳುವಷ್ಟರಲ್ಲಿ ಮುಗಿದುಹೋದ ಆ ಗೋಲೇ ಪಂದ್ಯದ ಏಕೈಕ ಗೋಲಾಯಿತು. ಲೀಗ್ ಕೂಡ ಆ ವರ್ಷ ಮೋಹನ್ ಬಾಗನ್‌ಗೆ ಬಂತು, ಏಳನೇ ಸಲದ ಈಸ್ಟ್ ಬೆಂಗಾಲ್ ಆಸೆ ಮುರಿಯಿತು. 1977ರಲ್ಲಿ ಮೋಹನ್ ಬಾಗನ್ ಇನ್ನಷ್ಟು ಬಲಗೊಂಡಿತು. ಥಾಪಾ ಕೂಡ ಈ ಕಡೆಗೆ ಬಂದಿದ್ದರು. ಹೆಸರುಗಳ ಪಟ್ಟಿ ನೋಡಿದರೆ ಲೀಗ್ ಅವರದೇ ಆಗಬೇಕಿತ್ತು. ಆದರೆ ಈಸ್ಟ್ ಬೆಂಗಾಲ್ ದೊಡ್ಡ ಪಂದ್ಯವನ್ನು 2–0ಯಿಂದ ಗೆದ್ದು ಲೀಗ್ ಎತ್ತಿಕೊಂಡಿತು. ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸ್‌ನಲ್ಲಿ ಪೆಲೆಯ ನ್ಯೂಯಾರ್ಕ್ ಕಾಸ್ಮಾಸ್ ತಂಡದೊಡನೆ 2–2ರಲ್ಲಿ ಸಮ ಮಾಡಿಕೊಂಡ ಮೋಹನ್ ಬಾಗನ್, ಅದೇ ಹುರುಪಿನಲ್ಲಿ ಕೆಲವೇ ದಿನಗಳ ಬಳಿಕ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಮೇಲೆ ಸೇಡು ತೀರಿಸಿಕೊಂಡಿತು. ಗೋಲು ಹೊಡೆದವರು ಥಾಪಾ. ಡ್ಯುರಾಂಡ್, ರೋವರ್ಸ್ ಕೂಡ ಆ ವರ್ಷ ಅವರಿಗೇ. 1978ರ ಲೀಗ್ ಪಂದ್ಯವನ್ನೂ ಥಾಪಾ ತಲೆಕೆಳಗಾಗಿ ಗಾಳಿಯಲ್ಲಿ ಒದ್ದ ಸೈಕಲ್ ಕಿಕ್ ಒಂದೇ ಗೆಲ್ಲಿಸಿತು.

ಇಂಥ ಕಾವು ಒಂದು ದಿನ ಸುಡಲೇಬೇಕಿತ್ತು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಲೀಗ್ ಪಂದ್ಯ ನಡೆಯುವಾಗ ಮೋಹನ್ ಬಾಗನ್‌ನ ಬಿದೇಶ್ ಬೋಸ್ ಮತ್ತು ಈಸ್ಟ್ ಬೆಂಗಾಲ್‌ನ ದಿಲೀಪ್ ಪಾಲಿತ್ ನಡುವೆ ಘರ್ಷಣೆಯಾಯಿತು; ರೆಫರಿ ಇಬ್ಬರನ್ನೂ ಹೊರಗೆ ಕಳಿಸಿದರು. ಎರಡೂ ಕಡೆಯ ಬೆಂಬಲಿಗರು ಒಂದೇ ಗ್ಯಾಲರಿಯಲ್ಲಿ ಬೆರೆತು ಕುಳಿತಿದ್ದರು. ಹೊಡೆದಾಟ ಶುರುವಾಗಿ, ಇಕ್ಕಟ್ಟಿನ ದಾರಿಯಲ್ಲಿ ನೂಕುನುಗ್ಗಲಾಗಿ 16 ಮಂದಿ ಸತ್ತರು. ಬೆಂಬಲಿಗರನ್ನು ಬೇರೆಬೇರೆ ಕೂರಿಸುವುದು, ಹೊರಹೋಗುವ ದಾರಿ ಅಗಲವಾಗಿಡುವುದು ಮುಂತಾದ ಸಾಮಾನ್ಯ ಎಚ್ಚರಿಕೆ ಇದ್ದಿದ್ದರೆ ಅವರು ಮನೆ ಸೇರುತ್ತಿದ್ದರು. ಪ್ರತಿ ವರ್ಷ ಆ ದಿನ ಕಲ್ಕತ್ತದಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನವಾಗಿ ರಕ್ತದಾನ ಶಿಬಿರ ನಡೆಯುತ್ತದೆ.

1984ರಲ್ಲಿ ಊರಿನ ಪೂರ್ವದಂಚಿನಲ್ಲಿ ಸಾಲ್ಟ್ ಲೇಕ್ ಕ್ರೀಡಾಂಗಣ ಸಿದ್ಧವಾಯಿತು. ಆಗ ಲಕ್ಷಕ್ಕೂ ಮಿಕ್ಕಿ ಜನ ಹಿಡಿಯುತ್ತಿದ್ದ ಅಂಗಳವದು. ಅದರ ದಾಖಲೆಯ ದಿನ 1997ರ ಜುಲೈ 13. ಫೆಡರೇಷನ್ ಕಪ್ ಸೆಮಿಫೈನಲ್‌ಗೆ 1,31,000ಕ್ಕೂ ಹೆಚ್ಚು ಜನ ಸೇರಿದರು. ಮೋಹನ್ ಬಾಗನ್ ತರಬೇತುದಾರ ಅಮಲ್ ದತ್ತ ‘ಡೈಮಂಡ್’ ವ್ಯೂಹದಲ್ಲಿ ತಂಡವನ್ನು ಆಡಿಸಿ ಎದುರಾದವರನ್ನೆಲ್ಲ ಗೋಲುಗಳಲ್ಲಿ ಮುಳುಗಿಸಿದ್ದರು. ಪಂದ್ಯಕ್ಕೆ ಮೊದಲು ಎದುರಾಳಿಗಳ ಬಗ್ಗೆ ಅವರು ಹಗುರವಾಗಿ ಆಡಿದ ಮಾತುಗಳು ಪತ್ರಿಕೆಗಳಲ್ಲಿ ಬಂದವು. ಮತ್ತೆ ಈಸ್ಟ್ ಬೆಂಗಾಲ್ ಹೊಣೆ ಹೊತ್ತಿದ್ದ ಪಿ.ಕೆ.ಗೆ ಅದಕ್ಕಿಂತ ಒಳ್ಳೆಯ ಟಾನಿಕ್ ಬೇಕಿರಲಿಲ್ಲ. ನಜೀಮುಲ್ ಹಕ್ ಮೊದಲ ಗೋಲು ಹೊಡೆದರು. ಮೋಹನ್ ಬಾಗನ್‌ಗೆ ಚೀಮಾ ಒಕೋರಿ ಒಂದು ಮರಳಿಸಿದರು. ಉಳಿದ ಮೂರೂ ಬೈಚುಂಗ್ ಭುಟಿಯಾ ಅವರವು, 4–1. ಈ ಪಂದ್ಯದ ಬಗ್ಗೆ ಹಾಡಿಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದಿದೆ: ಈಸ್ಟ್ ಬೆಂಗಾಲ್ ಫೈನಲ್‌ನಲ್ಲಿ ಸೋತಿತು, ಕಪ್ ಗೋವಾದ ಸಾಲ್‌ಗಾಂವ್ಕರ್ ತಂಡಕ್ಕೆ ಹೋಯಿತು. ಅಷ್ಟು ಜನ ಕಂಡ ಪಂದ್ಯ ಕೊನೆಗೆ ಪ್ರಶಸ್ತಿ ತರಲಿಲ್ಲ.

ಆ ಫಲಿತಾಂಶ ಮುಂದೆ ಬರಲಿದ್ದುದರ ಸೂಚನೆಯಂತಿತ್ತು. 1996–97ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾಗಿ, ಮೊದಲ ಪ್ರಶಸ್ತಿ ಪಂಜಾಬಿನ ಜೆಸಿಟಿಗೆ ಸಂದಿತ್ತು. ಅಲ್ಲಿಂದ ಭಾರತದ ದೊಡ್ಡ ಪ್ರಶಸ್ತಿ ಒಂದು ನಗರದ ಕೈಯಿಂದ ಹೊರಬಿತ್ತು. ಗೋವಾ, ಮುಂಬೈ, ಪಂಜಾಬ್, ಕೇರಳದ ತಂಡಗಳೊಡನೆ ಆಡುವಾಗ ದೊಡ್ಡ ಪಂದ್ಯವೆಂಬುದು ಇಡೀ ಋತುವಿನಲ್ಲಿ ಎರಡು ಪಂದ್ಯ ಮಾತ್ರ. ಅದನ್ನು ಗೆದ್ದೂ ಪಟ್ಟಿಯ ಕೆಳಗೆ ಉಳಿಯಬಹುದು, ಸೋತೂ ಚಾಂಪಿಯನ್ ಆಗಬಹುದು. ಆರಂಭದಲ್ಲಿ ಇಬ್ಬರೂ ಹೊಸ ಲೀಗ್‌ನಲ್ಲಿ ಮಿಂಚಿದರು. ಮೋಹನ್ ಬಾಗನ್ 1998, 2000, 2002ರಲ್ಲಿ ಗೆದ್ದರೆ ಈಸ್ಟ್ ಬೆಂಗಾಲ್ 2001, 2003, 2004ರಲ್ಲಿ ಗೆದ್ದಿತು. 2001ರ ತಂಡದ ನಾಯಕ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್. ಮಧ್ಯ ಅಂಗಳದಲ್ಲಿ ದಣಿವರಿಯದೆ ಓಡಾಡುತ್ತಿದ್ದ ಅವರು 2020ರಲ್ಲಿ ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು. 2007ರಲ್ಲಿ ರಾಷ್ಟ್ರೀಯ ಲೀಗ್‌ನ ಜಾಗಕ್ಕೆ ಐ-ಲೀಗ್ ಬಂದ ಮೇಲೆ ಈಸ್ಟ್ ಬೆಂಗಾಲ್‌ಗೆ ಆ ಪ್ರಶಸ್ತಿ ಒಮ್ಮೆಯೂ ಒಲಿಯಲಿಲ್ಲ. ದೊಡ್ಡ ಪಂದ್ಯದ ರೋಚಕತೆ ಮಾತ್ರ ಇಳಿಯಲಿಲ್ಲ. 2009ರ ಅಕ್ಟೋಬರ್ 25ರಂದು ಮೋಹನ್ ಬಾಗನ್ 5–3ರಿಂದ ಗೆದ್ದಾಗ ನಾಲ್ಕು ಗೋಲು ಚಿಡಿ ಎಡೆ ಒಬ್ಬರದೇ. 2012ರ ಡಿಸೆಂಬರ್ 9ರ ಪಂದ್ಯ ಅರ್ಧಕ್ಕೇ ನಿಂತಿತು. ಗ್ಯಾಲರಿಯಿಂದ ಬಿದ್ದ ಕಲ್ಲು ಮೋಹನ್ ಬಾಗನ್‌ನ ರಹೀಂ ನಬಿ ಅವರನ್ನು ಗಾಯಗೊಳಿಸಿತು, ವಿರಾಮದ ಬಳಿಕ ಮೋಹನ್ ಬಾಗನ್ ಅಂಗಳಕ್ಕೆ ಇಳಿಯಲಿಲ್ಲ. ಎರಡು ವರ್ಷದ ನಿಷೇಧ ಬಂದು, ಅದು ದಂಡ ಮತ್ತು ಅಂಕ ಕಡಿತಕ್ಕೆ ಇಳಿಯಿತು.

ರಾಷ್ಟ್ರೀಯ ಪ್ರಶಸ್ತಿಗಾಗಿ ಮೋಹನ್ ಬಾಗನ್‌ನ 13 ವರ್ಷಗಳ ಕಾಯುವಿಕೆ ಮುಗಿದದ್ದು ಕಲ್ಕತ್ತದಲ್ಲಲ್ಲ, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿದ್ದ ಬೆಂಗಳೂರು ಎಫ್‌ಸಿ, 2014–15ರ ಕೊನೆಯ ಪಂದ್ಯಕ್ಕೆ ಬರುವಾಗ ಮೋಹನ್ ಬಾಗನ್‌ಗಿಂತ ಎರಡು ಅಂಕ ಹಿಂದಿತ್ತು. 2015ರ ಮೇ 31ರಂದು ಎದುರಾದವರು ಇವರಿಬ್ಬರೇ. ಗೆಲುವಿಗೆ ಮೂರು ಅಂಕವಾದ್ದರಿಂದ ಬೆಂಗಳೂರು ಗೆದ್ದರೆ ಪ್ರಶಸ್ತಿ ಇಲ್ಲೇ ಉಳಿಯುತ್ತದೆ. ಮೋಹನ್ ಬಾಗನ್‌ಗೆ ಡ್ರಾ ಸಾಕು. ಮಳೆ ನೆನೆಸಿದ ಅಂಗಳದಲ್ಲಿ 41ನೇ ನಿಮಿಷಕ್ಕೆ ಕಾರ್ನರ್ ಕಿಕ್ ಒಂದನ್ನು ಜಾನ್ ಜಾನ್ಸನ್ ತಲೆಯಿಂದ ಗೋಲಿಗೆ ತಳ್ಳಿದರು. ಮುಕ್ಕಾಲು ಗಂಟೆಯ ಕಾಲ ಕಪ್ ಬೆಂಗಳೂರಿನದೇ ಆಗಿತ್ತು. 87ನೇ ನಿಮಿಷದಲ್ಲಿ ಸೋನಿ ನಾರ್ಡೆಯ ಕಾರ್ನರ್‌ಗೆ ಬೆಲ್ಲೊ ರಜಾಕ್ ತಲೆ ಕೊಟ್ಟರು, 1–1. ಸಂಜಯ್ ಸೇನ್ ಅವರ ತಂಡ 39 ಅಂಕದೊಡನೆ ಚಾಂಪಿಯನ್, ಆಶ್ಲಿ ವೆಸ್ಟ್‌ವುಡ್ ಅವರ ಬೆಂಗಳೂರು 37ರಲ್ಲಿ ಎರಡನೆಯದು. ಹಿಂದೆ ಈಸ್ಟ್ ಬೆಂಗಾಲ್ ಎದುರು ಮಾತ್ರ ಆಡಬೇಕಾಗುತ್ತಿದ್ದ ಪ್ರಶಸ್ತಿಯ ಪಂದ್ಯವನ್ನು ಮೋಹನ್ ಬಾಗನ್ ಈಗ ಸಾವಿರಕ್ಕೂ ಮಿಕ್ಕಿ ಕಿಲೊಮೀಟರ್ ದೂರದ, ಎರಡು ವರ್ಷದ ಕೂಸಿನಂಥ ಕ್ಲಬ್ಬಿನೆದುರು ಆಡಿತ್ತು.

2020ರಲ್ಲಿ ಈ ಬದಲಾವಣೆ ಇನ್ನೂ ಸ್ಪಷ್ಟವಾಯಿತು. ಮಾರ್ಚ್ 10ರಂದು ಕಲ್ಯಾಣಿಯಲ್ಲಿ ಐಜ್ವಾಲ್ ತಂಡವನ್ನು ಸೋಲಿಸಿ ಮೋಹನ್ ಬಾಗನ್ ಐ-ಲೀಗ್ ಖಚಿತಪಡಿಸಿಕೊಂಡಾಗ ಆ ಋತುವಿನ ಎರಡನೇ ದೊಡ್ಡ ಪಂದ್ಯಕ್ಕೆ ಇನ್ನೂ ಐದು ದಿನವಿತ್ತು. ಕೊರೊನಾ ಬಂದು ಆ ಪಂದ್ಯ ನಡೆಯಲೇ ಇಲ್ಲ. ಪ್ರಶಸ್ತಿಗೆ ಅದರ ಅಗತ್ಯವೂ ಬೀಳಲಿಲ್ಲ. ಅದೇ ವರ್ಷ ಇಬ್ಬರೂ ಇಂಡಿಯನ್ ಸೂಪರ್ ಲೀಗ್ ಸೇರಿದರು. ಮೋಹನ್ ಬಾಗನ್ ಎಟಿಕೆ ಎಂಬ ಕ್ಲಬ್ಬಿನ ಜೊತೆ ಕೂಡಿಕೊಂಡಿತು, ಆ ಜೋಡಿ ಹೆಸರು ಬೆಂಬಲಿಗರ ಒತ್ತಾಯದಿಂದ 2023ರಲ್ಲಿ ಮೋಹನ್ ಬಾಗನ್ ಸೂಪರ್ ಜೈಂಟ್ ಎಂದು ಬದಲಾಯಿತು. ಐಎಸ್‌ಎಲ್‌ನ ಮೊದಲ ದೊಡ್ಡ ಪಂದ್ಯ 2020ರ ನವೆಂಬರ್ 27ರಂದು ಗೋವಾದ ವಾಸ್ಕೊದಲ್ಲಿ ಪ್ರೇಕ್ಷಕರೇ ಇಲ್ಲದೆ ನಡೆದು 2–0ಯಿಂದ ಮೋಹನ್ ಬಾಗನ್ ಪಾಲಾಯಿತು.

ಅಲ್ಲಿಂದ ಇಬ್ಬರ ದಾರಿ ಕವಲೊಡೆದಿದೆ. ಮೋಹನ್ ಬಾಗನ್ 2023ರಲ್ಲಿ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಐಎಸ್‌ಎಲ್ ಕಪ್ ಗೆದ್ದಿತು. 2024ರ ಏಪ್ರಿಲ್ 15ರಂದು ಲೀಗ್‌ನ ಕೊನೆಯ ಪಂದ್ಯದಲ್ಲಿ, ತನಗಿಂತ ಮುಂದಿದ್ದ ಮುಂಬೈ ಸಿಟಿಯನ್ನು ಸಾಲ್ಟ್ ಲೇಕ್‌ನಲ್ಲಿ 2–1ರಿಂದ ಮಣಿಸಿ ಲೀಗ್ ಶೀಲ್ಡ್ ಪಡೆಯಿತು. 2024–25ರಲ್ಲಿ ಶೀಲ್ಡ್, ಕಪ್ ಎರಡೂ ಅದರದೇ; ಏಪ್ರಿಲ್ 12ರ ಫೈನಲ್‌ನಲ್ಲಿ ಸೋತವರು ಮತ್ತೆ ಬೆಂಗಳೂರಿನವರು. ಈಸ್ಟ್ ಬೆಂಗಾಲ್ ಐಎಸ್‌ಎಲ್‌ನ ಮೊದಲ ವರ್ಷಗಳನ್ನು ಪಟ್ಟಿಯ ಕೆಳಭಾಗದಲ್ಲಿ ಕಳೆಯಿತು. 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದಾಗ ಅದಕ್ಕೆ ಹನ್ನೆರಡು ವರ್ಷಗಳ ನಂತರ ರಾಷ್ಟ್ರೀಯ ಮಟ್ಟದ ಕಪ್ ಸಿಕ್ಕಿತು. ಗುಂಪು ಹಂತದಲ್ಲಿ ಮೋಹನ್ ಬಾಗನ್ ಅನ್ನು 3–1ರಿಂದ ಸೋಲಿಸಿಯೇ ಅದು ಮುಂದೆ ಸಾಗಿತ್ತು.

ಅದೇ ವರ್ಷದ ಆಗಸ್ಟ್ 18ರಂದು ನಡೆಯಬೇಕಿದ್ದ ಡ್ಯುರಾಂಡ್ ಕಪ್‌ನ ದೊಡ್ಡ ಪಂದ್ಯ ರದ್ದಾಯಿತು. ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ತರಬೇತಿ ವೈದ್ಯೆಯ ಅತ್ಯಾಚಾರ ಮತ್ತು ಕೊಲೆಯನ್ನು ಖಂಡಿಸಿ ನಗರ ಬೀದಿಗಿಳಿದಿತ್ತು, ಭದ್ರತೆಗೆ ಪೊಲೀಸರು ಸಾಲರು ಎಂಬ ಕಾರಣ ಮುಂದಿಡಲಾಯಿತು. ಪಂದ್ಯ ಇಲ್ಲದಿದ್ದರೂ ಜನ ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಸೇರಿದರು. ಹಸಿರು-ಕಡುಗೆಂಪಿನವರು, ಕೆಂಪು-ಹೊಂಬಣ್ಣದವರು, ಅವರೊಡನೆ ಮೊಹಮ್ಮಡನ್‌ನವರು ಒಟ್ಟಿಗೆ ನಿಂತು ನ್ಯಾಯ ಕೇಳಿದರು, ಪೊಲೀಸರ ಲಾಠಿಯನ್ನೂ ಎದುರಿಸಿದರು. ಹಳೆಯ ಕಲ್ಕತ್ತ ಲೀಗ್ ಈಗಲೂ ಮಳೆಗಾಲದಲ್ಲಿ ನಡೆಯುತ್ತದೆ. ದೊಡ್ಡ ಕ್ಲಬ್ಬುಗಳು ಅದಕ್ಕೆ ಹೆಚ್ಚಾಗಿ ಕಿರಿಯ ಆಟಗಾರರನ್ನು ಕಳಿಸುತ್ತವೆ, ಮುಖ್ಯ ತಂಡ ಡ್ಯುರಾಂಡ್ ಮತ್ತು ಐಎಸ್‌ಎಲ್‌ಗೆ ಸಜ್ಜಾಗುತ್ತದೆ. 1925ರ ಮೇನಲ್ಲಿ ಶುರುವಾದ ಲೀಗ್ ಪಂದ್ಯ ಕಿರಿಯರ ಕಾಲುಗಳಲ್ಲಿ ಮುಂದುವರಿದಿದೆ.